ಹುಡುಗರ ಬ್ಯಾಂಡ್‌ಗೆ ಬೇಕಾದದ್ದು ಭಾರದ ಬಾಗಿಲು

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪುಟದಲ್ಲಿ ಒಂದು ಪತ್ರ ಬಂದಿತ್ತು. ಬಡಾವಣೆಯ ಮನೆಗಳಲ್ಲಿ ಹುಡುಗರು ಡ್ರಮ್ಸ್, ಗಿಟಾರ್ ಇಟ್ಟುಕೊಂಡು ರಾಕ್ ಬ್ಯಾಂಡ್ ಅಂತ ಗಲಾಟೆ ಮಾಡುತ್ತಾರೆ, ಪೊಲೀಸರು ಇದನ್ನೆಲ್ಲ ನಿಲ್ಲಿಸಬೇಕು ಎಂದು ಒಬ್ಬರು ಬರೆದಿದ್ದರು. ಅವರ ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ, ಮಧ್ಯಾಹ್ನ ಕಣ್ಣು ಮುಚ್ಚುವುದಕ್ಕೆ ಆಗುವುದಿಲ್ಲವಂತೆ. ಅವರ ಕಷ್ಟ ನಿಜ. ಆದರೆ ನಿಲ್ಲಿಸಿ ಅನ್ನುವುದಕ್ಕೆ ಮೊದಲು ಇನ್ನೊಂದು ದಾರಿ ಇದೆ. ನಾನು ಮೈಸೂರಿನಲ್ಲಿ ಮರಗೆಲಸ ಮಾಡುವವನು. ಇಂಥ ಹುಡುಗರಿಗೆ ಒಂದು ಪ್ರಾಕ್ಟೀಸ್ ರೂಮ್ ಮಾಡಿಕೊಟ್ಟಿದ್ದೇನೆ. ಹುಡುಗರು ಅಲ್ಲಿ ಮನಸಾರೆ ನುಡಿಸುತ್ತಾರೆ, ಪಕ್ಕದ ಮನೆಯವರು ಬೈಯುವುದು ಬಿಟ್ಟಿದ್ದಾರೆ. ಅದನ್ನು ಹೇಗೆ ಮಾಡಿದೆವು ಅನ್ನುವುದು ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ನನ್ನ ತಂಗಿಯ ಮಗ ಬೇಸ್ ಗಿಟಾರ್ ನುಡಿಸುತ್ತಾನೆ. ಅವರ ತಂಡದಲ್ಲಿ ಐದು ಜನ. ಡ್ರಮ್ಸ್ ಹುಡುಗನ ಅಜ್ಜಿ ಮನೆಯ ಪಕ್ಕದಲ್ಲಿ ಒಂದು ಕಾರ್ ಶೆಡ್ ಖಾಲಿ ಇತ್ತು. ಹದಿನಾಲ್ಕು ಅಡಿ ಉದ್ದ, ಹನ್ನೊಂದು ಅಡಿ ಅಗಲ. ಅಲ್ಲಿ ಶುರುಮಾಡಿದ ಮೊದಲ ದಿನವೇ ಅಕ್ಕಪಕ್ಕದವರು ಬಂದು ಬಾಗಿಲು ಬಡಿದರು. ಮಾರನೆಯ ದಿನ ಅಳಿಯ ನನ್ನ ಅಂಗಡಿಗೆ ಬಂದ. 'ಮಾವ, ಮೊಟ್ಟೆ ಟ್ರೇ ತಂದು ರಾಶಿ ಹಾಕಿದ್ದೀವಿ. ಗೋಡೆಗೆ ಹೊಡೆದುಕೊಡಿ, ಸಾಕು' ಅಂದ.

ಈ ಮೊಟ್ಟೆ ಟ್ರೇ ನಂಬಿಕೆ ಊರೆಲ್ಲ ಇದೆ. ಅದರಿಂದ ಸದ್ದು ನಿಲ್ಲುವುದಿಲ್ಲ. ಅಂಗಡಿಯಲ್ಲಿ ಮಾರುವ ಬಣ್ಣಬಣ್ಣದ ಸ್ಪಂಜಿನ ಹಾಳೆಯೂ ಸದ್ದು ಹೊರಗೆ ಹೋಗುವುದನ್ನು ತಡೆಯುವುದಿಲ್ಲ. ಕೋಣೆಯ ಒಳಗೆ ಸದ್ದು ಗೋಡೆಗೆ ಬಡಿದು ಗೊಂಯ್ ಅನ್ನುವುದನ್ನು ಸ್ಪಂಜು ಸ್ವಲ್ಪ ಕಡಿಮೆ ಮಾಡುತ್ತದೆ, ಅಷ್ಟೇ. ಅದೂ ಸಣ್ಣ ಕಂಠದ, ಚುರುಕು ಸದ್ದನ್ನು ಮಾತ್ರ. ಬೇಸ್ ಗಿಟಾರಿನ ದಪ್ಪ ತಂತಿಯ ಸ್ವರ ಸೆಕೆಂಡಿಗೆ 41 ಸಲ ಮಿಡಿಯುತ್ತದೆ. ಆ ಸದ್ದಿನ ಒಂದು ಅಲೆಯ ಉದ್ದ ಸುಮಾರು 27 ಅಡಿ. ಅದಕ್ಕೆ ಎರಡು ಇಂಚಿನ ಸ್ಪಂಜು ಯಾವ ಲೆಕ್ಕ?

ಸದ್ದು ನಿಲ್ಲಬೇಕಾದರೆ ಮೊದಲು ಭಾರ ಬೇಕು. ಆಮೇಲೆ ಎಲ್ಲೂ ಸಂದು ಇರಬಾರದು. ಅಷ್ಟಾದ ಮೇಲೂ ಸಾಲದಿದ್ದರೆ ಎರಡು ಪದರ ಮಾಡಿ ನಡುವೆ ಗಾಳಿಗೆ ಜಾಗ ಬಿಡಬೇಕು. ಬೆಂಗಳೂರಿನ ಒಂದು ರೆಕಾರ್ಡಿಂಗ್ ಸ್ಟುಡಿಯೊಗೆ ಬಾಗಿಲು ಕೂರಿಸಲು ಹೋಗಿದ್ದಾಗ ಅಲ್ಲಿಯ ಎಂಜಿನಿಯರ್ ನನಗೆ ಇದನ್ನು ಕೂತು ವಿವರಿಸಿದ್ದರು.

ಕಾನೂನಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಜಾಗದಲ್ಲಿ ಹಗಲು 55 ಡೆಸಿಬೆಲ್ (ಸದ್ದಿನ ಜೋರನ್ನು ಅಳೆಯುವ ಮಾನ), ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಖಾಸಗಿ ಜಾಗದಲ್ಲಿ ನುಡಿಸುವ ವಾದ್ಯದ ಸದ್ದು ಆ ಜಾಗದ ಅಂಚಿನಲ್ಲಿ ಈ ಮಿತಿಯನ್ನು 5 ಡೆಸಿಬೆಲ್‌ಗಿಂತ ಜಾಸ್ತಿ ದಾಟಬಾರದು. ಸಣ್ಣ ಕೋಣೆಯಲ್ಲಿ ಡ್ರಮ್ಸ್ ಜೊತೆ ಬ್ಯಾಂಡ್ ನುಡಿಸಿದರೆ 100 ಡೆಸಿಬೆಲ್ ಸುಲಭವಾಗಿ ದಾಟುತ್ತದೆ. ಅಂದರೆ ಗೋಡೆ, ಬಾಗಿಲು ಎಲ್ಲ ಸೇರಿ ಹತ್ತಿರ ಹತ್ತಿರ 50 ಡೆಸಿಬೆಲ್ ತಡೆಯಬೇಕು. ಎರಡೂ ಕಡೆ ಗಾರೆ ಮಾಡಿದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಇಷ್ಟನ್ನು ತಡೆಯುತ್ತದೆ. ನಮ್ಮ ಹಳೇ ಮನೆಗಳಲ್ಲಿ ಇಂಥ ಗೋಡೆ ಇದ್ದೇ ಇದೆ, ಅದಕ್ಕೆ ಹೊಸದಾಗಿ ದುಡ್ಡು ಹಾಕಬೇಕಿಲ್ಲ. ಸದ್ದು ಸೋರುವುದು ಬಾಗಿಲಲ್ಲಿ, ವೆಂಟಿಲೇಟರಿನಲ್ಲಿ, ಶೀಟಿನ ಛಾವಣಿಯಲ್ಲಿ. ಸಾಮಾನ್ಯ ಫ್ಲಶ್ ಡೋರ್ ತಡೆಯುವುದು 20ರ ಆಸುಪಾಸು ಮಾತ್ರ. ಕೊಡದ ತಳದಲ್ಲಿ ತೂತಿದ್ದರೆ ಮಿಕ್ಕ ಕೊಡ ಎಷ್ಟು ಗಟ್ಟಿಯಾಗಿದ್ದರೂ ನೀರು ನಿಲ್ಲುವುದಿಲ್ಲ, ಅಲ್ವಾ?

ಆ ಶೆಡ್‌ಗೆ ಮುಂದೆ ಇದ್ದದ್ದು ರೋಲಿಂಗ್ ಶಟರ್. ಅದು ಸದ್ದು ತಡೆಯುವುದಿರಲಿ, ಡ್ರಮ್ಸ್ ಹೊಡೆದರೆ ತಾನೇ ಗಡಗಡ ಅನ್ನುತ್ತಿತ್ತು. ಶಟರ್ ಹಾಗೇ ಬಿಟ್ಟು ಅದರ ಒಳಗಡೆ ಒಂಬತ್ತು ಇಂಚಿನ ಗೋಡೆ ಕಟ್ಟಿಸಿದೆವು. ಬಾಗಿಲಿನಷ್ಟು ಜಾಗ ಮಾತ್ರ ಬಿಟ್ಟೆವು. ಮೇಲಿದ್ದ ಜಾಲರಿಯ ಗವಾಕ್ಷಿಗೆ ಇಟ್ಟಿಗೆ ತುಂಬಿ ಗಾರೆ ಮಾಡಿದೆವು. ಛಾವಣಿ ಆರ್‌ಸಿಸಿ ಆಗಿದ್ದರಿಂದ ಅದನ್ನು ಮುಟ್ಟುವ ಅಗತ್ಯ ಬೀಳಲಿಲ್ಲ.

ಬಾಗಿಲು ನನ್ನ ಕೆಲಸ, ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಎರಡು ಹತ್ತೊಂಬತ್ತು ಎಂಎಂ ಪ್ಲೈವುಡ್ ಹಲಗೆ, ನಡುವೆ ದಪ್ಪ ರಬ್ಬರ್ ಶೀಟ್, ಮೂರನ್ನೂ ಅಂಟು ಹಾಕಿ ಒತ್ತಿ ಕೂರಿಸಿದೆ. ಒಬ್ಬನೇ ಎತ್ತಲಾಗದಷ್ಟು ಭಾರ. ಅದನ್ನು ತಡೆಯುವುದಕ್ಕೆ ನಾಲ್ಕು ದೊಡ್ಡ ಹಿಂಜ್ ಹಾಕಿದೆ. ಚೌಕಟ್ಟಿನಲ್ಲಿ ಎರಡು ಹಂತದ ತೋಡು ತೆಗೆದು, ಎರಡಕ್ಕೂ ಸುತ್ತ ರಬ್ಬರ್ ಬೀಡಿಂಗ್ ಕೊಟ್ಟೆ. ಚೌಕಟ್ಟು ಮತ್ತು ಗೋಡೆಯ ನಡುವಿನ ಸಂದಿಗೆ ಗಾರೆ, ಅದರ ಮೇಲೆ ಸೀಲಂಟ್. ಕೆಳಗೆ ಹೊಸ್ತಿಲು ಕೂರಿಸಿ ಅದಕ್ಕೂ ಬೀಡಿಂಗ್. ಈಗಿನ ಮನೆಗಳಲ್ಲಿ ಒಳಕೋಣೆಗೆ ಹೊಸ್ತಿಲೇ ಇಡುವುದಿಲ್ಲ. ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದು ಬಿಟ್ಟು ಬಿಡುತ್ತಾರೆ. ಅಂಥ ಬಾಗಿಲಿಗೆ ಎಷ್ಟು ದುಬಾರಿ ಹಲಗೆ ಹಾಕಿದರೂ ದುಡ್ಡು ದಂಡ.

ಇದೇ ಥರದ ಇನ್ನೊಂದು ಬಾಗಿಲನ್ನು ಮೂರು ಅಡಿ ಒಳಗೆ ಹಾಕಿದೆ. ಒಂದನ್ನು ಮುಚ್ಚಿ ಇನ್ನೊಂದನ್ನು ತೆಗೆಯಬೇಕು. ಎರಡೂ ಹೊರಕ್ಕೆ ತೆರೆಯುತ್ತವೆ, ಹೊರಗಡೆ ಚಿಲಕ ಇಟ್ಟಿಲ್ಲ. ಕೆಲಸ ಮುಗಿದ ದಿನ ರಾತ್ರಿ ದೀಪ ಆರಿಸಿ, ಒಳಗೆ ಒಬ್ಬ ಟಾರ್ಚ್ ಹಿಡಿದು ಬಾಗಿಲ ಸುತ್ತ ಬೆಳಕು ಬಿಟ್ಟ. ನಾನು ಹೊರಗೆ ನಿಂತು ನೋಡಿದೆ. ಬೆಳಕು ಕಂಡ ಕಡೆಯೆಲ್ಲ ಬೀಡಿಂಗ್ ಸರಿಮಾಡಿದೆ. ಬೆಳಕು ತೂರುವ ಸಂದಿನಲ್ಲಿ ಸದ್ದೂ ತೂರುತ್ತದೆ. ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ, ಯಾರು ಬೇಕಾದರೂ ಮಾಡಬಹುದು.

ಪಕ್ಕದ ಮನೆಯವರ ಮಲಗುವ ಕೋಣೆ ಇದ್ದ ಕಡೆ ಮಾತ್ರ ಒಳಗೆ ಇನ್ನೊಂದು ಗೋಡೆ ಎಬ್ಬಿಸಿದೆವು. ಇಟ್ಟಿಗೆ ಗೋಡೆಗೆ ತಾಗದ ಹಾಗೆ ಒಂದು ಇಂಚು ಬಿಟ್ಟು ಚೌಕಟ್ಟು ನಿಲ್ಲಿಸಿ, 50 ಎಂಎಂ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ತುಂಬಿ, ಮೇಲೆ ಎರಡು ಪದರ ಜಿಪ್ಸಮ್ ಬೋರ್ಡ್. ಮೊದಲ ಪದರದ ಜಾಯಿಂಟ್ ಎರಡನೆಯದರ ಜಾಯಿಂಟ್ ಮೇಲೆ ಬರದ ಹಾಗೆ ಹೊಡೆಯಬೇಕು. ರಾಕ್‌ವೂಲ್ ಮುಟ್ಟುವಾಗ ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ. ಮೈಯೆಲ್ಲ ಕೆರೆತ ಬರುತ್ತದೆ.

ಡ್ರಮ್ಸ್‌ನದು ಬೇರೆಯೇ ತಕರಾರು. ಕಾಲಲ್ಲಿ ಹೊಡೆಯುವ ಆ ದೊಡ್ಡ ಡ್ರಮ್ಮಿನ ಏಟು ನೆಲಕ್ಕೆ ಇಳಿದು, ನೆಲದಿಂದ ಗೋಡೆಗೆ ಹತ್ತಿ, ಅಜ್ಜಿಯ ಅಡುಗೆಮನೆವರೆಗೂ ಹೋಗುತ್ತಿತ್ತು. ಅದಕ್ಕೆ ಒಂದು ಕಟ್ಟೆ ಮಾಡಿದೆ. ಕೆಳಗೊಂದು ಪ್ಲೈವುಡ್, ಮೇಲೊಂದು ಪ್ಲೈವುಡ್, ನಡುವೆ ಸಾಲಾಗಿ ಟೆನಿಸ್ ಚೆಂಡು. ಚೆಂಡು ಉರುಳಿ ಹೋಗದ ಹಾಗೆ ಕೆಳಗಿನ ಹಲಗೆಯಲ್ಲಿ ಗುಂಡಿ ಕೊರೆದಿದ್ದೇನೆ. ಬೀದಿ ಕ್ರಿಕೆಟ್ ಆಡಿ ಮೆತ್ತಗಾದ ಹಳೇ ಚೆಂಡುಗಳನ್ನು ಹುಡುಗರು ಎಲ್ಲೆಲ್ಲಿಂದಲೋ ಹುಡುಕಿ ತಂದರು. ಇದು ನನ್ನ ಉಪಾಯ ಅಲ್ಲ, ಮನೆಯಲ್ಲಿ ಡ್ರಮ್ಸ್ ನುಡಿಸುವವರು ಎಷ್ಟೋ ಕಡೆ ಮಾಡಿಕೊಂಡಿದ್ದಾರೆ.

ಎಲ್ಲ ಸಂದು ಮುಚ್ಚಿದ ಮೇಲೆ ಐದು ಜನ ಉಸಿರಾಡುವುದು ಹೇಗೆ? ಇದನ್ನು ತುಂಬಾ ಜನ ಮರೆಯುತ್ತಾರೆ. ಸ್ಪ್ಲಿಟ್ ಏಸಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡುತ್ತದೆ, ಹೊಸ ಗಾಳಿ ತರುವುದಿಲ್ಲ. ನಾವು ಮರದ ಎರಡು ಪೆಟ್ಟಿಗೆ ಮಾಡಿದೆವು, ಒಂದು ಗಾಳಿ ಬರುವುದಕ್ಕೆ, ಒಂದು ಹೋಗುವುದಕ್ಕೆ. ಒಳಗೆ ಅಡ್ಡ ಹಲಗೆ ಇಟ್ಟು ಹಾವಿನ ದಾರಿ ಮಾಡಿ, ಬದಿಗೆಲ್ಲ ರಾಕ್‌ವೂಲ್ ಹಾಕಿ, ಮೇಲೆ ಬಟ್ಟೆ ಬಿಗಿದು, ತುದಿಗೆ ಸಣ್ಣ ಫ್ಯಾನ್ ಕೂರಿಸಿದ್ದೇವೆ. ಗಾಳಿ ತಿರುಗಿಕೊಂಡು ಬರುತ್ತದೆ, ಸದ್ದು ತಿರುವಿನಲ್ಲೇ ಸುಸ್ತಾಗುತ್ತದೆ.

ಇನ್ನು ಒಳಗಿನ ಗೊಂಯ್ ಸದ್ದಿಗೆ ಹಳೇ ಹತ್ತಿ ಹಾಸಿಗೆ, ಕಂಬಳಿ, ನೆಲಕ್ಕೆ ಜಮಖಾನ ಸಾಕು. ಥರ್ಮೋಕೋಲ್, ಅಗ್ಗದ ಸ್ಪಂಜು ದಯವಿಟ್ಟು ಬೇಡ. 2003ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ರಾಕ್ ಕಾರ್ಯಕ್ರಮ ನಡೆಯುತ್ತಿದ್ದ ಕ್ಲಬ್ ಒಂದರ ಗೋಡೆಯ ಸ್ಪಂಜಿಗೆ ಕಿಡಿ ತಾಗಿ 100 ಜನ ಸತ್ತರು. 2013ರಲ್ಲಿ ಬ್ರೆಜಿಲ್‌ನ ಸಾಂತಾ ಮರಿಯಾದಲ್ಲಿ ಹಾಗೇ ಆಗಿ ಇನ್ನೂರಕ್ಕೂ ಹೆಚ್ಚು ಜನ, ಬಹುಪಾಲು ಕಾಲೇಜಿನ ಮಕ್ಕಳು, ಹೋದರು. ಸ್ಪಂಜು ಉರಿದರೆ ಬರುವ ಹೊಗೆಯೇ ವಿಷ. ಒಳಗೆ ಸಿಗರೇಟು, ಊದುಬತ್ತಿ ಎರಡೂ ಕೂಡದು ಎಂದು ಹುಡುಗರಿಗೆ ಖಡಾಖಂಡಿತವಾಗಿ ಹೇಳಿದ್ದೇನೆ. ಆಯುಧಪೂಜೆಗೆ ವಾದ್ಯಗಳನ್ನು ಹೊರಗೆ ತಂದು ಪೂಜೆ ಮಾಡುತ್ತಾರೆ.

ಕರೆಂಟಿನ ವಿಷಯದಲ್ಲೂ ಒಂದು ಮಾತು. ಆಂಪ್ಲಿಫೈಯರ್ ಗುಂಯ್‌ಗುಡುತ್ತದೆ ಅಂತ ಪ್ಲಗ್ಗಿನ ಮೂರನೇ ಪಿನ್ ಕಿತ್ತು ಹಾಕುವ ಅಭ್ಯಾಸ ಕೆಲವರಿಗಿದೆ. ಒಂದು ಕೈಯಲ್ಲಿ ಗಿಟಾರಿನ ತಂತಿ, ತುಟಿಗೆ ಮೈಕ್ ತಾಗಿದಾಗ ಅದು ಪ್ರಾಣ ತೆಗೆಯಬಹುದು. ಅರ್ತ್ ಸರಿಯಾಗಿರಲಿ, ಕರೆಂಟ್ ಸೋರಿದರೆ ತಾನೇ ಕಟ್ ಮಾಡುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಸ್ವಿಚ್ ಇರಲಿ, ಕೆಲಸ ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಕಿವಿಗೆ ಇಯರ್ ಪ್ಲಗ್ ಇರಲಿ. 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಇರಬಹುದು ಅನ್ನುವ ತಜ್ಞರೇ 100 ಡೆಸಿಬೆಲ್‌ನಲ್ಲಿ ಹದಿನೈದು ನಿಮಿಷಕ್ಕಿಂತ ಹೆಚ್ಚು ಇರಬಾರದು ಅನ್ನುತ್ತಾರೆ.

ಇಷ್ಟೆಲ್ಲ ಯಾಕೆ ಎಂದು ಕೆಲವರು ಕೇಳಬಹುದು. ರಾಕ್ ಸಂಗೀತ ನಮ್ಮದಲ್ಲ ಎಂದೂ ಅನ್ನಬಹುದು. ನಮ್ಮ ಮೈಸೂರಿನಲ್ಲೇ ಬೆಳೆದ ರಘು ದೀಕ್ಷಿತ್ ಗಿಟಾರ್, ಡ್ರಮ್ಸ್ ಜೊತೆ ಶಿಶುನಾಳ ಶರೀಫರ ಪದ ಹಾಡಿ ದೇಶವಿದೇಶ ಸುತ್ತಿದ್ದಾರೆ. 1998ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕ್ರಿಪ್ಟೋಸ್ ತಂಡ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು. ಯಾವ ತಂಡವೂ ನೇರವಾಗಿ ವೇದಿಕೆಗೆ ಹತ್ತುವುದಿಲ್ಲ. ನಾಟಕದವರಿಗೆ ತಾಲೀಮು ಹೇಗೋ ಇವರಿಗೂ ಹಾಗೇ. ಒಬ್ಬನ ಏಟಿಗೆ ಇನ್ನೊಬ್ಬನ ಬೆರಳು ಸೇರಬೇಕಾದರೆ ಎಲ್ಲರೂ ಒಂದೇ ಕೋಣೆಯಲ್ಲಿ, ನಿಜವಾದ ಸದ್ದಿನಲ್ಲಿ ನುಡಿಸಲೇಬೇಕು. ಹೆಡ್‌ಫೋನ್ ಹಾಕಿಕೊಂಡು ಮನೆಯಲ್ಲಿ ಕೂತರೆ ಆಗುವುದಿಲ್ಲವಾ ಎಂದು ನಾನೂ ಅಳಿಯನನ್ನು ಕೇಳಿದ್ದೆ. ಅವನು ನನ್ನನ್ನು ಡ್ರಮ್ಸ್ ಪಕ್ಕ ನಿಲ್ಲಿಸಿ ಒಂದು ಹಾಡು ನುಡಿಸಿದ. ಆಮೇಲೆ ಆ ಪ್ರಶ್ನೆ ಮತ್ತೆ ಕೇಳಲಿಲ್ಲ.

ಎಲ್ಲ ಹುಡುಗರಿಗೂ ಅಜ್ಜಿಯ ಕಾರ್ ಶೆಡ್ ಇರುವುದಿಲ್ಲ. ಬ್ಯಾಂಡ್ ಅಂದರೆ ಬಾಡಿಗೆಗೆ ಕೊಡುವವರೇ ಇಲ್ಲ. ದಸರೆ ಬಂದರೆ ಯುವ ಸಂಭ್ರಮಕ್ಕೆ ಮಾನಸಗಂಗೋತ್ರಿಯ ಬಯಲು ರಂಗಮಂದಿರ ತುಂಬುತ್ತದೆ, ಯುವ ದಸರಾಕ್ಕೆ ಹೊರಗಿನಿಂದ ದೊಡ್ಡ ತಂಡಗಳು ಬರುತ್ತವೆ. ನಮ್ಮೂರಿನ ಮಕ್ಕಳು ಆ ವೇದಿಕೆಗೆ ಬರಲಿ ಎಂದರೆ ವರ್ಷದ ಮಿಕ್ಕ ದಿನ ಅವರು ನುಡಿಸುವುದೆಲ್ಲಿ? ಬಡಾವಣೆಯ ಸಮುದಾಯ ಭವನಗಳಲ್ಲಿ ಮುರಿದ ಕುರ್ಚಿ, ಹರಿದ ಶಾಮಿಯಾನ ತುಂಬಿಟ್ಟ ಕೋಣೆಗಳನ್ನು ನಾನು ಕೆಲಸಕ್ಕೆ ಹೋದಾಗ ನೋಡಿದ್ದೇನೆ. ಅಂಥ ಒಂದು ಕೋಣೆ ಸಾಕು. ಗಂಟೆಗೆ ಇಷ್ಟು ಅಂತ ಬಾಡಿಗೆ ಇಡಲಿ, ರಾತ್ರಿ ಎಂಟಕ್ಕೆ ಬೀಗ ಹಾಕಲಿ. ಡೊಳ್ಳು, ನಗಾರಿ ಕಲಿಯುವ ತಂಡಗಳಿಗೂ ಅದು ಆಗುತ್ತದೆ. ಅವರಿಗೂ ಇದೇ ಜಾಗದ ಕಷ್ಟ ಇದೆ.

ಪತ್ರ ಬರೆದ ಓದುಗರಲ್ಲಿ ಒಂದು ವಿನಂತಿ. ಪೊಲೀಸರಿಗೆ ಫೋನ್ ಮಾಡುವ ಮೊದಲು ಒಮ್ಮೆ ಆ ಹುಡುಗರ ಬಾಗಿಲ ಕೆಳಗೆ ಎಷ್ಟು ಸಂದಿದೆ ಎಂದು ನೋಡಿ, ಅವರಿಗೆ ತೋರಿಸಿ. ನಿಮ್ಮ ತಾಯಿಯವರು ಮಲಗುವ ಹೊತ್ತು ಯಾವುದು ಅಂತಲೂ ತಿಳಿಸಿ. ನಮ್ಮ ಹುಡುಗರು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ವಾದ್ಯ ಮುಟ್ಟುವುದಿಲ್ಲ, ಪಕ್ಕದ ಮನೆಯವರ ಜೊತೆ ಕೂತು ಮಾಡಿಕೊಂಡ ಒಪ್ಪಂದ ಅದು.

ಪಾಲಿಕೆಯವರಾಗಲಿ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರಾಗಲಿ ಮೈಸೂರಿನಲ್ಲಿ ಅಂಥ ಒಂದು ಕೋಣೆ ತೋರಿಸಿದರೆ ಎರಡೂ ಬಾಗಿಲು ನಾನು ಕೂಲಿ ತೆಗೆದುಕೊಳ್ಳದೆ ಮಾಡಿ ಕೂರಿಸಿಕೊಡುತ್ತೇನೆ. ಹಲಗೆ, ಹಿಂಜ್, ರಬ್ಬರಿನ ಖರ್ಚು ಮಾತ್ರ ಅವರು ನೋಡಿಕೊಳ್ಳಲಿ.

– ಒಬ್ಬ ಮರಗೆಲಸದ ಮೇಸ್ತ್ರಿ, ಮೈಸೂರು