ಬೆಂಕಿ ತಡೆಯಬೇಕಾದ ಪ್ಲಾಸ್ಟಿಕ್ ತಾನೇ ಉರಿಯುತ್ತಿದೆ: ಪ್ಲಾಸ್ಟಿಕ್ ಕಚ್ಚಾಮಾಲು (ಕಾಂಪೌಂಡ್) ಪೂರೈಕೆದಾರರಿಗೆ ದೂರು

ಇವರಿಂದ:
ಮಾಲೀಕರು, ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕ, ಅಂತರಸನಹಳ್ಳಿ ಕೈಗಾರಿಕಾ ಪ್ರದೇಶ, ತುಮಕೂರು

ಇವರಿಗೆ:
ವ್ಯವಸ್ಥಾಪಕರು, ಗುಣಮಟ್ಟ ವಿಭಾಗ, ಪ್ಲಾಸ್ಟಿಕ್ ಕಾಂಪೌಂಡ್ ತಯಾರಿಕಾ ಕಂಪನಿ, ಬೆಂಗಳೂರು

ವಿಷಯ: ಬೆಂಕಿ ನಿರೋಧಕ ಪಾಲಿಪ್ರೊಪಿಲೀನ್ ಹೆಸರಿನಲ್ಲಿ ಸುಣ್ಣಕಲ್ಲಿನ ಪುಡಿ ತುಂಬಿದ ಮಾಲು ಪೂರೈಸಿರುವ ಬಗ್ಗೆ

ಮಾನ್ಯರೇ,

ಕೊಳವೆಬಾವಿ ಪಂಪ್‌ಸೆಟ್‌ಗಳ ಸ್ಟಾರ್ಟರ್‌ಗೆ ಟರ್ಮಿನಲ್ (ವೈರ್ ಜೋಡಿಸುವ ಜಾಗ) ಮುಚ್ಚಳ ಮಾಡಿಕೊಡುವುದು ನಮ್ಮ ಘಟಕದ ಮುಖ್ಯ ಕೆಲಸ. ಇದಕ್ಕಾಗಿ ಬೆಂಕಿ ತಡೆಯುವ ಪುಡಿಯಾದ ಮೆಗ್ನೀಸಿಯಂ ಹೈಡ್ರಾಕ್ಸೈಡನ್ನು ಶೇ 60ರಷ್ಟು ಬೆರೆಸಿದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕನ್ನು ತಮ್ಮಿಂದ ತರಿಸುತ್ತೇವೆ. ಕಳೆದ ತಿಂಗಳು ಬಂದ ಬ್ಯಾಚ್ ಆ ಮಾಲಲ್ಲ.

ಅನುಮಾನ ಹುಟ್ಟಿದ್ದು ತೂಕದಲ್ಲಿ. ಅದೇ ಅಚ್ಚಿನಲ್ಲಿ 72 ಗ್ರಾಂ ತೂಗುತ್ತಿದ್ದ ಮುಚ್ಚಳ ಈಗ 62 ಗ್ರಾಂ ತೂಗುತ್ತಿದೆ. ಸಾಂದ್ರತೆ 1.43ರ ಆಸುಪಾಸಿನಲ್ಲಿ ಇರಬೇಕಾದದ್ದು 1.24 ಇದೆ. ಫೋನ್ ಮಾಡಿ ಕೇಳಿದರೆ ತಮ್ಮ ಸಿಬ್ಬಂದಿ, "ಸರ್ಟಿಫಿಕೇಟ್ ನೋಡಿ, ಬೂದಿ ಶೇ 41 ಬಂದಿದೆ, ಎಲ್ಲ ಸರಿಯಾಗಿದೆ" ಎಂದು ಮಾತು ಮುಗಿಸಿದರು.

ನನ್ನ ತಕರಾರು ಇರುವುದೇ ಮಾಲನ್ನು ಸುಟ್ಟ ಮೇಲೆ ಉಳಿಯುವ ಆ ಬೂದಿಯ ಲೆಕ್ಕದ ಮೇಲೆ. ಮೆಗ್ನೀಸಿಯಂ ಹೈಡ್ರಾಕ್ಸೈಡ್ ಸುಟ್ಟಾಗ ತನ್ನ ತೂಕದ ಶೇ 31ರಷ್ಟು ನೀರನ್ನು ಬಿಟ್ಟುಕೊಟ್ಟು ಆಕ್ಸೈಡ್ ಆಗುತ್ತದೆ. ಹಾಗಾಗಿ ಶೇ 60 ಹಾಕಿದ ಮಾಲಿನಲ್ಲಿ ಉಳಿಯುವ ಬೂದಿ ಶೇ 41. ಸುಣ್ಣಕಲ್ಲಿನ ಪುಡಿಯಾದರೋ ಬೂದಿ ಪರೀಕ್ಷೆಯ 600 ಡಿಗ್ರಿ ಕುಲುಮೆಯಲ್ಲಿ ಹಾಗೆಯೇ ಉಳಿಯುತ್ತದೆ. ಶೇ 41 ಹಾಕಿದರೆ ಬೂದಿಯೂ ಶೇ 41. ಕಾಗದದ ಮೇಲೆ ಎರಡಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ನಾವು ಹೊಸ ಬ್ಯಾಚಿನ ಬೂದಿಯ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಹಾಕಿದೆವು. ಬುಸುಬುಸು ಎಂದು ನೊರೆ ಉಕ್ಕಿತು. ಹಳೆಯ ಬ್ಯಾಚಿನ ಬೂದಿಯಲ್ಲಿ ನೊರೆಯೇ ಏಳಲಿಲ್ಲ. ಇದು ಕಾರ್ಬೊನೇಟ್, ಅಂದರೆ ಸುಣ್ಣಕಲ್ಲು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಸುಣ್ಣಕಲ್ಲಿನ ಪುಡಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕುರ್ಚಿಗೆ, ಬಕೆಟ್ಟಿಗೆ ಹಾಕಲಿ. ಬಿಗಿತ ಹೆಚ್ಚುತ್ತದೆ, ಬೆಲೆ ಇಳಿಯುತ್ತದೆ. ಆದರೆ ಬೆಂಕಿಯ ಮುಂದೆ ಅದು ಬಹುಮಟ್ಟಿಗೆ ಸುಮ್ಮನೆ ಕೂತಿರುವ ಕಲ್ಲು. ಹೈಡ್ರಾಕ್ಸೈಡ್ 300 ಡಿಗ್ರಿ ದಾಟುತ್ತಿದ್ದಂತೆ ಒಡೆದು, ಶಾಖ ಹೀರಿ, ಕಿಲೋ ಕಾಂಪೌಂಡ್‌ಗೆ ಸುಮಾರು 185 ಗ್ರಾಂ ನೀರಾವಿ ಬಿಡುತ್ತದೆ. ಸುಣ್ಣಕಲ್ಲು ಒಡೆಯಲು 800 ಡಿಗ್ರಿಯಷ್ಟು ಬೇಕು. ಅಷ್ಟರಲ್ಲಿ ಪ್ಲಾಸ್ಟಿಕ್ ಉರಿದು ಮುಗಿದಿರುತ್ತದೆ. ತಾವು ಬಿಲ್ಲಿನಲ್ಲಿ ನಮೂದಿಸಿದ ಯುಎಲ್ 94 ಎಂಬ ಜ್ವಾಲೆ ಪರೀಕ್ಷೆಯ ವಿ-0 ದರ್ಜೆಯ ಪ್ರಕಾರ ಜ್ವಾಲೆ ತೆಗೆದ 10 ಸೆಕೆಂಡಿನೊಳಗೆ ಉರಿ ಆರಬೇಕು, ಉರಿಯುವ ಹನಿ ಬಿದ್ದು ಕೆಳಗಿನ ಹತ್ತಿ ಹೊತ್ತಿಕೊಳ್ಳಬಾರದು. ನಾವು ಪಟ್ಟಿ ಕತ್ತರಿಸಿ ನೇತುಹಾಕಿ ನೋಡಿದಾಗ ಉರಿ ಆರಲೇ ಇಲ್ಲ. ಹನಿ ತೊಟ್ಟಿಕ್ಕಿ ಹತ್ತಿಯೂ ಹೊತ್ತಿಕೊಂಡಿತು.

ಗಟ್ಟಿತನವೂ ಹೋಗಿದೆ. ಸ್ಕ್ರೂ ಬಿಗಿಯುತ್ತಿದ್ದಂತೆ ರಂಧ್ರದ ಸುತ್ತ ಬಿಳಿ ಗೆರೆ ಮೂಡಿ, ಕೂದಲೆಳೆಯಂತಹ ಬಿರುಕು ಬಿಡುತ್ತಿದೆ. ಮುರಿದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿದರೆ ಬೆರೆಯದೆ ಉಳಿದ ಪುಡಿಯ ಬಿಳಿ ಗಂಟುಗಳು ಕಾಣುತ್ತವೆ. ಪ್ಲಾಸ್ಟಿಕ್ಕಿನಲ್ಲಿ ಚೆನ್ನಾಗಿ ಬೆರೆಯಲೆಂದು ಹಚ್ಚುವ ಸ್ಟಿಯರಿಕ್ ಆಮ್ಲದ ಲೇಪನವಿಲ್ಲದ ಅಗ್ಗದ ಪುಡಿ ಹೀಗೆ ಗಂಟು ಕಟ್ಟುತ್ತದೆ, ಬಿರುಕು ಆ ಗಂಟಿನಿಂದಲೇ ಶುರುವಾಗುತ್ತದೆ.

ಈ ಮುಚ್ಚಳ ಹೋಗುವುದು ಗುಬ್ಬಿ, ತಿಪಟೂರು ಕಡೆಯ ತೆಂಗಿನ ತೋಟಗಳಿಗೆ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದೊಡನೆ ಆಟೋ ಸ್ಟಾರ್ಟರ್ ಪಂಪನ್ನು ತಾನೇ ಚಾಲೂ ಮಾಡುತ್ತದೆ, ರೈತ ಮನೆಯಲ್ಲಿ ಮಲಗಿರುತ್ತಾನೆ. ಸಡಿಲಗೊಂಡ ಟರ್ಮಿನಲ್ ಕಾದು ಕೆಂಪಾದರೆ, ಉರಿಯುವ ಹನಿ ಬೀಳುವುದು ಪಂಪ್‌ಹೌಸಿನಲ್ಲಿ ಪೇರಿಸಿಟ್ಟ ಒಣ ಸೋಗೆಯ ಮೇಲೆ. ಅಂಥ ಕಡೆ ನನ್ನ ಘಟಕದ ಮುಚ್ಚಳ ಇರಲು ನಾನು ಬಿಡುವುದಿಲ್ಲ. ಈ ಬ್ಯಾಚಿನಿಂದ ಮಾಡಿದ ಮುಚ್ಚಳಗಳನ್ನೆಲ್ಲ ಗೋದಾಮಿನಲ್ಲೇ ತಡೆಹಿಡಿದಿದ್ದೇನೆ.

ಆದ್ದರಿಂದ ಉಳಿದ ಚೀಲಗಳನ್ನೂ ಮಾಡಿಟ್ಟ ಮುಚ್ಚಳಗಳನ್ನೂ ತಮ್ಮ ಖರ್ಚಿನಲ್ಲಿ ವಾಪಸು ಪಡೆದು, ಜಿಎಸ್‌ಟಿ ಸಹಿತ ಪೂರ್ತಿ ಹಣ ಹಿಂತಿರುಗಿಸಬೇಕು. ಈ ಬ್ಯಾಚಿಗೆ ಯಾವ ಪುಡಿ ಎಷ್ಟು ಹಾಕಲಾಯಿತು ಎಂಬ ದಾಖಲೆಯ ಪ್ರತಿ ಬೇಕು. ಮುಂದಿನ ಪ್ರತಿ ಸರ್ಟಿಫಿಕೇಟಿನಲ್ಲಿ ಬೂದಿಯ ಜೊತೆಗೆ ಸಾಂದ್ರತೆ ಮತ್ತು ಜ್ವಾಲೆ ಪರೀಕ್ಷೆಯ ಫಲಿತಾಂಶವೂ ಇರಬೇಕು. ಎಲ್ಲಕ್ಕಿಂತ ತುರ್ತಿನದು, ಇದೇ ಬ್ಯಾಚ್ ಕೊಂಡ ಇತರ ಘಟಕಗಳಿಗೆ ತಾವು ಕೂಡಲೇ ಲಿಖಿತವಾಗಿ ತಿಳಿಸಬೇಕು. ಅವರ ಮಾಲು ಈಗಾಗಲೇ ಅಂಗಡಿ ಸೇರಿರಬಹುದು.

15 ದಿನಗಳೊಳಗೆ ಲಿಖಿತ ಉತ್ತರ ಬರಬೇಕು. ಅಲ್ಲಿಯವರೆಗೆ ತಮಗೆ ಸಲ್ಲಬೇಕಾದ ಬಾಕಿಯನ್ನು ಪಾವತಿಸುವುದಿಲ್ಲ. ಎರಡೂ ಬ್ಯಾಚಿನ ಮಾದರಿಗಳನ್ನು ಮೊಹರು ಮಾಡಿ ಇಟ್ಟಿದ್ದೇನೆ. ತಮ್ಮವರು ಬಂದರೆ ಅವರೆದುರೇ ಪರೀಕ್ಷಿಸಿ ತೋರಿಸುತ್ತೇನೆ.

ಇಂತಿ,
ಮಾಲೀಕರು
(ಸಹಿ ಮತ್ತು ಮೊಹರು)

ಲಗತ್ತು: ಬಿಲ್ಲಿನ ಪ್ರತಿ, ತಮ್ಮ ಸರ್ಟಿಫಿಕೇಟಿನ ಪ್ರತಿ, ಬಿರುಕು ಬಿಟ್ಟ ಮುಚ್ಚಳಗಳ ಚಿತ್ರಗಳು