ಗೆಳೆಯನಿಗೊಂದು ಪತ್ರ: ದೊಡ್ಡಪ್ಪನ ಹತ್ರ ಪೂರ್ತಿ ಕೇಳು

ಗೆಳೆಯಾ,

ನಿನ್ನ ಮೆಸೇಜ್ ಓದ್ದೆ. ಪಾರ್ಟ್‌ನರ್‌ಶಿಪ್ ಅಂದ ತಕ್ಷಣ ದೊಡ್ಡಪ್ಪ ಮತ್ತೆ "ಯಾರನ್ನೂ ನಂಬಬೇಡ" ಅಂತ ಶುರು ಮಾಡಿದ್ರು, ಅವ್ರು ಲಾಸ್ ಮಾಡ್ಕೊಂಡಿದ್ದಕ್ಕೆ ನಾನ್ಯಾಕೆ ಹೆದರಬೇಕು ಅಂತ ಬರ್ದಿದ್ದೀಯ. ನಿನ್ನ ಸಿಟ್ಟು ಅರ್ಥ ಆಗತ್ತೆ ಕಣೋ, ಆದ್ರೆ ನಂಗನ್ಸೋದು ಅವ್ರು ನಿಂಗೆ ಇನ್ನೂ ನಡೆದಿದ್ದನ್ನ ಹೇಳೇ ಇಲ್ಲ, ಬರೀ ತೀರ್ಪು ಹೇಳಿದ್ದಾರೆ. "ಯಾರನ್ನೂ ನಂಬಬೇಡ" ಅನ್ನೋದನ್ನ ಇಟ್ಕೊಂಡು ಏನೂ ಮಾಡಕ್ಕಾಗಲ್ಲ, ಯಾರನ್ನೂ ನಂಬದೆ ಯಾವ ಬಿಸಿನೆಸ್ಸೂ ನಡಿಯಲ್ಲ. ಅವ್ರು ಯಾವಾಗ, ಏನು ನೋಡಿ, ಯಾಕೆ ನಂಬಿದ್ರು ಅಂತ ಗೊತ್ತಾದ್ರೆ ಅದು ನಿನ್ನ ಕೆಲಸಕ್ಕೆ ಬರತ್ತೆ.

ಒಂದು ವಿಮಾನದ ವಿಷಯ ಹೇಳ್ತೀನಿ, ನಂಗೆ ಇದು ತಲೆಯಿಂದ ಹೋಗೋದೇ ಇಲ್ಲ. 1974ರ ಡಿಸೆಂಬರ್ 1ರಂದು ಅಮೆರಿಕದಲ್ಲಿ ಟಿಡಬ್ಲ್ಯೂಎ ಅನ್ನೋ ವಿಮಾನ ಕಂಪನಿಯ 514 ನಂಬರಿನ ವಿಮಾನ ವಾಷಿಂಗ್ಟನ್ ಹತ್ರದ ಡಲ್ಲೆಸ್ ಏರ್‌ಪೋರ್ಟಿಗೆ ಇಳಿಯೋಕೆ ಬರ್ತಾ ವರ್ಜೀನಿಯಾದ ಒಂದು ಬೆಟ್ಟಕ್ಕೆ ಬಡೀತು, ಒಳಗಿದ್ದ 92 ಜನಾನೂ ಹೋದ್ರು. ನೆಲದಿಂದ ವಿಮಾನಗಳಿಗೆ ದಾರಿ ಹೇಳೋ ಕಂಟ್ರೋಲರ್ ಅಪ್ರೋಚ್‌ಗೆ, ಅಂದ್ರೆ ಇಳಿಯೋಕೆ ಏರ್‌ಪೋರ್ಟ್ ಕಡೆ ಬರೋದಕ್ಕೆ, ಕ್ಲಿಯರೆನ್ಸ್ (ಅನುಮತಿ) ಕೊಟ್ಟಿದ್ದ, ಹಾಗಂದ್ರೆ 1,800 ಅಡಿಗೆ ಇಳೀಬಹುದು ಅಂತ ಪೈಲಟ್‌ಗಳು ಅಂದ್ಕೊಂಡ್ರು, ಬೆಟ್ಟ ಗುಡ್ಡ ನೋಡ್ಕೊಂಡು ಎತ್ತರ ಕಾಯ್ದುಕೊಳ್ಳೋದು ಪೈಲಟ್ ಕೆಲಸ ಅಂತ ಕಂಟ್ರೋಲ್ ಕಡೆಯವ್ರು ಅಂದ್ಕೊಂಡ್ರು. ಪೈಲಟ್‌ಗಳ ಹತ್ರ ಇದ್ದ ನಕ್ಷೆಯಲ್ಲಿ ಆ ಜಾಗಕ್ಕೆ ಕನಿಷ್ಠ ಎತ್ತರ 3,400 ಅಡಿ ಅಂತ ಇತ್ತು. ಕ್ಯಾಪ್ಟನ್ ಅದನ್ನ ನೋಡಿದ್ದ ಕೂಡ! ಕಾಕ್‌ಪಿಟ್‌ನಲ್ಲಿ ಮಾತೂ ಆಗಿತ್ತು, ಕ್ಲಿಯರೆನ್ಸ್ ಸಿಕ್ಕಿದ್ಮೇಲೆ ಇಳೀಬಹುದು ಅಂತ ತೀರ್ಮಾನಕ್ಕೆ ಬಂದ್ರು. ಇದನ್ನ ಅಜಾಗರೂಕತೆ ಅನ್ನಕ್ಕೆ ನಂಗೆ ಮನಸ್ಸು ಬರಲ್ಲ, ಯೋಚ್ನೆ ಮಾಡಿನೇ ಮಾಡಿದ್ದು ಅದು.

ಇನ್ನೂ ಸಂಕಟದ ವಿಷಯ ಏನಂದ್ರೆ, ಸುಮಾರು ಆರು ವಾರ ಮುಂಚೆ ಯುನೈಟೆಡ್ ಅನ್ನೋ ಇನ್ನೊಂದು ಕಂಪನಿಯ ವಿಮಾನ ಅದೇ ಜಾಗದಲ್ಲಿ, ಅದೇ ರೀತಿ ಅರ್ಥ ಮಾಡ್ಕೊಂಡು, ಕೂದಲೆಳೆಯಲ್ಲಿ ಪಾರಾಗಿತ್ತು. ಆ ಪೈಲಟ್‌ಗಳು ತಮ್ಮ ಕಂಪನಿಗೆ ಹೇಳಿದ್ರು, ಕಂಪನಿ ತನ್ನ ಪೈಲಟ್‌ಗಳಿಗೆಲ್ಲ ಎಚ್ಚರಿಕೆ ಕೊಡ್ತು. ಟಿಡಬ್ಲ್ಯೂಎಯವ್ರ ಕಿವಿಗೆ ಅದು ಬೀಳಲೇ ಇಲ್ಲ.

ಇದಾದ್ಮೇಲೆ 1976ರಲ್ಲಿ ಅಲ್ಲಿ ಒಂದು ವ್ಯವಸ್ಥೆ ಬಂತು, ಪೈಲಟ್‌ಗಳು ಕಂಟ್ರೋಲರ್‌ಗಳು ತಾವು ಎಡವಿದ್ದನ್ನ ತಾವೇ ಬರೆದು ಕಳಿಸೋದು. ಅದನ್ನ ನಡೆಸೋದು ನಾಸಾ, ಲೈಸೆನ್ಸ್ ಕಿತ್ಕೊಳ್ಳೋ ಅಧಿಕಾರ ಇರೋ ಇಲಾಖೆ ಅಲ್ಲ, ಶಿಕ್ಷೆ ಕೊಡೋರ ಮುಂದೆ ಯಾರು ಬಾಯಿ ಬಿಡ್ತಾರೆ ಹೇಳು. ಹೆಸರು ತೆಗೆದುಹಾಕಿ ಉಳಿದಿದ್ದನ್ನ ಎಲ್ಲರಿಗೂ ಓದಕ್ಕೆ ಕೊಡ್ತಾರೆ, ಈವರೆಗೆ ಲಕ್ಷಗಟ್ಟಲೆ ರಿಪೋರ್ಟ್ ಬಂದಿವೆ. ನಂಗೆ ಇದು ಮನುಷ್ಯರು ಮಾಡಿರೋ ತುಂಬಾ ಒಳ್ಳೆ ಕೆಲಸಗಳಲ್ಲಿ ಒಂದು ಅನ್ಸತ್ತೆ.

ದೊಡ್ಡಪ್ಪನ ವಿಷಯಕ್ಕೆ ಬರ್ತೀನಿ. ಅವ್ರು ಬಾಯಿ ಬಿಟ್ಟಾಗೆಲ್ಲ ಮನೆಯವ್ರು "ಆಗ್ಲೇ ಹೇಳಿರ್ಲಿಲ್ವಾ" ಅಂದಿರ್ತಾರೆ, ಹಾಗಾಗಿ ಈಗ ಒಂದೇ ಸಾಲಲ್ಲಿ ಮುಗಿಸ್ತಾರೆ. ಆದ್ರೆ ಹಾಗೆ ಅಂದವ್ರಿಗೂ ಆಗ ಏನೂ ಗೊತ್ತಿರಲಿಲ್ಲ ಅಂತ ಇಟ್ಕೋ. ಫಿಶಾಫ್ ಅನ್ನೋ ಮನಶ್ಶಾಸ್ತ್ರಜ್ಞ 1975ರಲ್ಲಿ ಒಂದು ಪ್ರಯೋಗ ಪ್ರಕಟ ಮಾಡಿದ್ರು, ಬ್ರಿಟಿಷರಿಗೂ ಗೂರ್ಖಾಗಳಿಗೂ ಆದ ಯುದ್ಧದ ವಿವರ ಓದಿಸಿ, ಕೆಲವ್ರಿಗೆ ಮಾತ್ರ ಕೊನೇಲಿ ಹೀಗಾಯ್ತು ಅಂತ ಹೇಳಿ, ಯಾವುದು ಆಗೋ ಸಾಧ್ಯತೆ ಎಷ್ಟಿತ್ತು ಅಂತ ಕೇಳಿದ್ರು. ಯಾವ ಫಲಿತಾಂಶ ಹೇಳಿದ್ರೋ ಅದೇ ಆಗೋ ಹಾಗಿತ್ತು ಅಂತ ಜನಕ್ಕೆ ಹೆಚ್ಚು ಅನ್ನಿಸ್ತು, ತಮಗೆ ಹೇಳಿದ್ದರಿಂದ ಹಾಗನ್ನಿಸ್ತಿದೆ ಅನ್ನೋದೂ ಅವ್ರಿಗೆ ತಿಳೀಲಿಲ್ಲ. ದೊಡ್ಡಪ್ಪಂಗೆ ಲಾಸ್ ಆಗಿದ್ದು ನಿಂಗೆ ಮೊದ್ಲೇ ಗೊತ್ತು, ಹಾಗಾಗಿ ಅವ್ರು ಹೇಳೋದೆಲ್ಲ ನಿಂಗೆ ದಡ್ಡತನದ ಥರಾನೇ ಕೇಳ್ಸತ್ತೆ, ನಾನಾಗಿದ್ರೆ ಹಾಗ್ ಮಾಡ್ತಿರ್ಲಿಲ್ಲ ಅನ್ಸತ್ತೆ. ಅಲ್ಲೇ ಹುಷಾರಾಗಿರು, ಹಾಗನ್ನಿಸಿದ ಕ್ಷಣ ನೀನು ಕೇಳಿಸ್ಕೊಳ್ಳೋದು ನಿಲ್ಲಿಸಿರ್ತೀಯ.

ಭಾನುವಾರ ಹೋಗ್ತಿದ್ದೀಯಲ್ಲ, ಏನ್ ತಪ್ಪು ಮಾಡಿದ್ರಿ ಅಂತ ಮಾತ್ರ ಕೇಳಬೇಡ. ಸೈನ್ ಹಾಕೋ ದಿನ ಎಲ್ಲ ಸರಿ ಇದೆ ಅಂತ ಯಾಕನ್ನಿಸ್ತು ಅಂತ ಕೇಳು. ಪಾರ್ಟ್‌ನರ್ ಬಗ್ಗೆ ಮೊದಲ ಸಲ ಮನಸ್ಸಲ್ಲಿ ಅನುಮಾನ ಬಂದಿದ್ದು ಯಾವಾಗ, ಆಗ ಏನಂತ ಸಮಾಧಾನ ಮಾಡ್ಕೊಂಡ್ರಿ, ಅದನ್ನ ಕೇಳು, ಆ 3,400ರ ಥರದ್ದು ಏನೋ ಒಂದು ಅವ್ರ ಕಣ್ಣಿಗೂ ಬಿದ್ದಿರತ್ತೆ. ಮಧ್ಯ ಬಾಯಿ ಹಾಕ್ಬೇಡ, ಕೇಳಿದ್ದನ್ನ ಮನೇಲಿ ಯಾರಿಗೂ ಹೇಳಲ್ಲ ಅಂತ ಮೊದ್ಲೇ ಮಾತು ಕೊಡು. ದೊಡ್ಡಮ್ಮನ್ನೂ ಬೇರೆ ಕೂತು ಕೇಳು, ಲೆಕ್ಕದ ಪುಸ್ತಕ ಅವ್ರೇ ಬರೀತಿದ್ರು ಅಂತ ನೀನೇ ಒಂದ್ಸಲ ಹೇಳಿದ್ದೆ.

ಅಲ್ಲೀವರೆಗೆ ಅಗ್ರಿಮೆಂಟ್‌ಗೆ ಸೈನ್ ಹಾಕ್ಬೇಡ ಕಣೋ.

ನಿನ್ನ ಗೆಳೆಯ