ರಿಂಬೋನ ಹೆಸರು ಹೇಳಿಕೊಂಡು ಬಂದ ಹುಡುಗನಿಗೆ

ಪ್ರಿಯ ಗೆಳೆಯ,

ನಿನ್ನ ಹಸ್ತಪ್ರತಿ ಓದಿದೆ. ಪ್ರಕಾಶಕರು ಯಾರು, ಮುನ್ನುಡಿ ಯಾರದು ಎಂಬುದನ್ನೆಲ್ಲ ಬೇರೆಯವರನ್ನು ಕೇಳು. ನನ್ನನ್ನು ಕೆಣಕಿದ್ದು ನಿನ್ನ ಪತ್ರದ ಒಂದು ಮಾತು: ಫ್ರೆಂಚ್ ಕವಿ ರಿಂಬೋ ಪರಂಪರೆಯನ್ನು ಒದ್ದವನು, ಹಾಗಾಗಿ ನೀನೂ ಹಿಂದಿನವರನ್ನು ಓದುವುದಿಲ್ಲವಂತೆ.

ಯಾರಪ್ಪಾ ನಿನಗೆ ಇದನ್ನು ಹೇಳಿದವರು? ಶಾರ್ಲವಿಲ್‌ನ ಆ ಹುಡುಗ 1869ರಲ್ಲಿ ಲ್ಯಾಟಿನ್ ಪದ್ಯರಚನೆಗೆ ಬಹುಮಾನ ಗೆದ್ದವನು. ಮರುವರ್ಷ ಮೇಷ್ಟ್ರು ಇಜಾಂಬಾರ್ ಅವನಿಗೆ ಹ್ಯೂಗೋನ ಪುಸ್ತಕ ಕೊಟ್ಟರೆಂದು ತಾಯಿ ಸಿಟ್ಟಿನಿಂದ ಕಾಗದ ಬರೆದಳು. ಅದೇ ತಿಂಗಳು ಅವನು ಹಿರಿಯ ಕವಿ ಬಾನ್ವಿಲ್‌ಗೆ ಪದ್ಯ ಕಳಿಸಿ, ಪಾರ್ನಾಸಿಯನ್ನರೆಂಬ ಆಗಿನ ಕವಿಕೂಟದ ಸಂಕಲನದಲ್ಲಿ ತನಗೂ ಜಾಗ ಕೊಡಿಸಿ ಎಂದು ಅಂಗಲಾಚಿದ.

1871ರ ಮೇ 15ರಂದು ಕವಿಮಿತ್ರ ಡೆಮನಿಗೆ ಬರೆದ ಪತ್ರವನ್ನು ಪೂರ್ತಿ ಓದು. ಹದಿನಾರರ ಪೋರ ಗ್ರೀಕರಿಂದ ಹಿಡಿದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಅಂಕ ಹಾಕುತ್ತಾನೆ. ಕವಿ ಮ್ಯುಸ್ಸೆಗೆ ಬೈಗುಳ. ಬೋದಿಲೇರನಿಗೆ (ಲಂಕೇಶರು ಮಾಡಿದ ಅವನ ಅನುವಾದ ‘ಪಾಪದ ಹೂಗಳು’ ಆದರೂ ಓದಿದ್ದೀಯಾ?) ಕವಿಗಳ ರಾಜನೆಂಬ ಕಿರೀಟ, ಬೆನ್ನಿಗೇ ಅವನ ರೂಪ ಸಂಕುಚಿತವೆಂಬ ತಕರಾರು. ಓದದವನು ಹೀಗೆ ಜಗಳವಾಡಬಲ್ಲನೇ? ಅದೇ ವರ್ಷ ಬರೆದ ‘ಅಮಲೇರಿದ ದೋಣಿ’ಯಲ್ಲಿ 100 ಸಾಲುಗಳಿವೆ, ಎಲ್ಲವೂ ಹನ್ನೆರಡು ಅಕ್ಷರಗಳ ಹಳೆಯ ಅಲೆಗ್ಸಾಂಡ್ರೈನ್ ಛಂದಸ್ಸಿನಲ್ಲಿ. ಆ ಕಟ್ಟಿನೊಳಗೇ ಕುಳಿತು ಅವನು ಯತಿಯನ್ನು ಅಲುಗಿಸುತ್ತಾನೆ. ಫ್ರೆಂಚ್ ಮುಕ್ತಛಂದದ ಮೊದಲ ಮಾದರಿಗಳಲ್ಲೊಂದು ಎನಿಸಿದ ‘ಮರೀನ್’ ಬಂದದ್ದು ಆಮೇಲೆ. ಅದಿರುವ ಸಂಕಲನ ‘ಇಲ್ಯುಮಿನೇಷನ್ಸ್’ 1886ರಲ್ಲಿ ಅಚ್ಚಾಗುವ ಹೊತ್ತಿಗೆ ಅವನು ಕಾವ್ಯದ ಗೊಡವೆಯೇ ಬೇಡವೆಂದು ಆಫ್ರಿಕದಲ್ಲಿ ವ್ಯಾಪಾರಕ್ಕಿಳಿದಿದ್ದ.

ನನ್ನ ಮೊದಲ ಸಂಕಲನದಲ್ಲಿ ಓದಿನ ಭಾರ ಹೆಚ್ಚಾಯಿತೆಂದು ವಿಮರ್ಶಕನೊಬ್ಬ ತುಂಬಿದ ಸಭೆಯಲ್ಲಿ ರಿಂಬೋನ ಹೆಸರೆತ್ತಿ ಜರೆದಿದ್ದ. ಆ ಮಹಾಶಯನಿಗೆ ಬ್ರಸೆಲ್ಸ್‌ನಲ್ಲಿ ರಿಂಬೋನ ಮೇಲೆ ಅವನ ಗೆಳೆಯ, ಕವಿ ವರ್ಲೇನ್ ಹಾರಿಸಿದ ಗುಂಡೊಂದು ಗೊತ್ತಿತ್ತು, ಕವಿತೆ ಗೊತ್ತಿರಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಇರಾದೆಯೂ ಇಲ್ಲ. ನಿನ್ನ ಮೇಲೆ ರೇಗುವುದರಲ್ಲಿ ಅದರ ಪಾಲೂ ಇದೆ, ಸಹಿಸಿಕೋ.

ಗಿರಣಿಯ ಪದ್ಯದಲ್ಲಿ ಅಪ್ಪನ ರೆಪ್ಪೆಗೆ ಅಂಟಿದ ಹಿಟ್ಟನ್ನು ಕಂಡಿದ್ದೀಯಲ್ಲ, ಆ ಸಾಲಿಗೆ ನಾನು ಸೋತೆ. ಉಳಿದ ಪದ್ಯಗಳು ಬರೀ ಕೂಗಾಟ.

ಹಿಡಿಸದಿದ್ದರೆ ಸುಟ್ಟುಬಿಡಿ ಎಂದು ಬರೆದಿದ್ದೀಯ. ರಿಂಬೋ ಕೂಡ ತನ್ನ ಪದ್ಯಗಳನ್ನು ಸುಡುವಂತೆ ಡೆಮನಿಗೆ ಬರೆದಿದ್ದ. ಆತ ಸುಡದ್ದರಿಂದ ಅವು ಉಳಿದವು. ನಿನ್ನವು ನನ್ನ ಮೇಜಿನ ಮೇಲಿವೆ. ಬೇಂದ್ರೆಯೋ ಅಡಿಗರೋ, ನಿನ್ನ ಜಗಳ ಯಾರೊಂದಿಗೆ? ಅವರ ನಾಲ್ಕು ಪದ್ಯಗಳನ್ನು ಬಾಯಿಪಾಠ ಮಾಡಿಕೊಂಡು ಬಾ, ಕೂತು ಮಾತಾಡೋಣ.